ಭಾಷಣ ಬೇಡ, ಬಜೆಟ್ ತೋರಿಸಿ

ಕೋಡಕ್ ಕಂಪನಿ ಮುಳುಗಿದ ಕಥೆಯನ್ನು ಮ್ಯಾನೇಜ್‌ಮೆಂಟ್ ಪಾಠ ಹೇಳುವವರೆಲ್ಲ ಒಂದೇ ರಾಗದಲ್ಲಿ ಹೇಳುತ್ತಾರೆ. ಡಿಜಿಟಲ್ ಕ್ಯಾಮೆರಾ ಬರುತ್ತಿರುವುದು ಅಲ್ಲಿನ ದೊಡ್ಡವರ ಕಣ್ಣಿಗೆ ಬೀಳಲಿಲ್ಲ, ಹಾಗಾಗಿ ಕೆಟ್ಟರು ಎಂದು. ಕೇಳಲು ಚೆನ್ನಾಗಿದೆ, ನಡೆದದ್ದು ಮಾತ್ರ ಬೇರೆ. ಡಿಜಿಟಲ್ ಕ್ಯಾಮೆರಾದ ಮೊದಲ ಮಾದರಿ ತಯಾರಾದದ್ದೇ ಕೋಡಕ್‌ನ ಪ್ರಯೋಗಾಲಯದಲ್ಲಿ, 1975ರಲ್ಲಿ. ಸ್ಟೀವನ್ ಸ್ಯಾಸನ್ ಎಂಬ ಯುವ ಎಂಜಿನಿಯರ್ ಜೋಡಿಸಿದ ಆ ಯಂತ್ರ ಮೂರೂವರೆ ಕಿಲೊ ತೂಗುತ್ತಿತ್ತು. ಒಂದು ಕಪ್ಪು-ಬಿಳುಪು ಚಿತ್ರವನ್ನು ಕ್ಯಾಸೆಟ್ ಟೇಪಿಗೆ ಇಳಿಸಲು ಅದಕ್ಕೆ 23 ಸೆಕೆಂಡು ಹಿಡಿಯುತ್ತಿತ್ತು. ತೆಗೆದ ಚಿತ್ರ ನೋಡಬೇಕೆಂದರೆ ಟಿವಿಗೆ ಜೋಡಿಸಬೇಕಿತ್ತು. ಆಟಿಕೆಯಂತಿದ್ದ ಅದನ್ನು ದೊಡ್ಡವರು ನೋಡಿದರು, ತಲೆಯಾಡಿಸಿದರು. ಮುಂದೆ 1981ರಲ್ಲಿ ಸೋನಿ ಕಂಪನಿ ಫಿಲ್ಮ್ ಬೇಡದ ಕ್ಯಾಮೆರಾವೊಂದನ್ನು ಪ್ರದರ್ಶಿಸಿದಾಗ ಕೋಡಕ್ ಸುಮ್ಮನೆ ಕೂರಲಿಲ್ಲ. ಅದರ ಮಾರುಕಟ್ಟೆ ಸಂಶೋಧನೆಯ ಮುಖ್ಯಸ್ಥರಾಗಿದ್ದ ವಿನ್ಸ್ ಬರಾಬಾ ಕೂಲಂಕಷ ಅಧ್ಯಯನ ನಡೆಸಿ ವರದಿ ಕೊಟ್ಟರು: ಫಿಲ್ಮಿನ ಜಾಗಕ್ಕೆ ಡಿಜಿಟಲ್ ಬಂದೇ ಬರುತ್ತದೆ, ಆದರೆ ನಮ್ಮ ಕೈಯಲ್ಲಿ ಇನ್ನೂ ಸುಮಾರು ಹತ್ತು ವರ್ಷವಿದೆ. ಕಂಪನಿ ದಿವಾಳಿ ರಕ್ಷಣೆ ಕೋರಿ ಕೋರ್ಟಿಗೆ ಹೋದದ್ದು 2012ರ ಜನವರಿಯಲ್ಲಿ. ಮೂವತ್ತು ವರ್ಷ ಮೊದಲೇ ಭವಿಷ್ಯವನ್ನು ಕಾಗದದ ಮೇಲೆ ಬರೆದಿಟ್ಟುಕೊಂಡಿದ್ದವರನ್ನು ಕುರುಡರೆನ್ನುವುದು ಹೇಗೆ?

ಎಡವಿದ್ದು ಎಲ್ಲಿ ಎಂದು ತಿಳಿಯಲು ರೀಲು ಹಾಕುವ ಕ್ಯಾಮೆರಾದ ದಿನಗಳನ್ನು ನೆನಪಿಸಿಕೊಂಡರೆ ಸಾಕು. 36 ಚಿತ್ರದ ರೀಲು ಕೊಳ್ಳಬೇಕು. ಮದುವೆಯೋ ಜಾತ್ರೆಯೋ ಮುಗಿದ ಮೇಲೆ ಸ್ಟುಡಿಯೊಗೆ ಕೊಟ್ಟು ತೊಳೆಸಬೇಕು, ಪ್ರಿಂಟ್ ಹಾಕಿಸಬೇಕು. ಅರ್ಧ ಚಿತ್ರಗಳಲ್ಲಿ ಯಾರೋ ಕಣ್ಣು ಮುಚ್ಚಿದ್ದರೂ ದುಡ್ಡು ಕೊಡುವುದು ತಪ್ಪುತ್ತಿರಲಿಲ್ಲ. ನೆಗೆಟಿವ್ ಹಿಡಿದು ಬಂದು ತಮಗೂ ಒಂದು ಪ್ರತಿ ಬೇಕೆನ್ನುವ ನೆಂಟರಿಗೆ ಮತ್ತೆ ಅದೇ ಕಾಗದ. ರೀಲಿನಲ್ಲಿ, ತೊಳೆಯುವ ರಾಸಾಯನಿಕದಲ್ಲಿ, ಕಾಗದದಲ್ಲಿ, ಹೀಗೆ ಹೆಜ್ಜೆಹೆಜ್ಜೆಗೂ ಕಂಪನಿಗೆ ಲಾಭ ಸೇರುತ್ತಿತ್ತು. ಡಿಜಿಟಲ್‌ನಲ್ಲಾದರೋ ಕ್ಯಾಮೆರಾವನ್ನು ಒಮ್ಮೆ ಮಾರಿದರೆ ವ್ಯವಹಾರ ಅಲ್ಲಿಗೇ ಮುಗಿಯಿತು, ಅದರಲ್ಲಿ ಸಿಗುವ ಲಾಭವೂ ಅಷ್ಟಕ್ಕಷ್ಟೆ. ಅಂದರೆ ಕೋಡಕ್‌ನ ಸಿಇಒ ಮುಂದೆ ಇದ್ದ ಪ್ರಶ್ನೆ ‘ಹೊಸದು ಬರುತ್ತದೆಯೇ’ ಎಂಬುದಾಗಿರಲಿಲ್ಲ. ಇವತ್ತು ಕೈತುಂಬ ಗಳಿಸುತ್ತಿರುವುದರಿಂದ ಹಣವನ್ನೂ ಒಳ್ಳೆಯ ಜನರನ್ನೂ ಕಿತ್ತು, ಅದಕ್ಕಿಂತ ಕಡಿಮೆ ಗಳಿಸುವ ಒಂದಕ್ಕೆ ಕೊಡಬೇಕೇ ಎಂಬುದು ಅವರನ್ನು ಕಾಡಿದ ಪ್ರಶ್ನೆ. ತಂತ್ರಜ್ಞಾನದ ಬದಲಾವಣೆಯಲ್ಲಿ ಕಂಪನಿಯ ಮುಖ್ಯಸ್ಥರ ನಿಜವಾದ ಕೆಲಸ ಇರುವುದು ಇಲ್ಲೇ ಎನ್ನುವುದು ನನ್ನ ವಾದ. ಹೊಸದು ಹಳೆಯದಕ್ಕಿಂತ ಹೆಚ್ಚು ಗಳಿಸುವ ಹಾಗಿದ್ದರೆ ಮೇಲೆ ಯಾರೇ ಕೂತಿರಲಿ, ಕಂಪನಿ ತಾನಾಗಿ ಆ ಕಡೆ ವಾಲುತ್ತದೆ. ಹೊಸದು ಕಡಿಮೆ ಗಳಿಸುವಾಗ ಯಾರೂ ಸ್ವಂತ ಇಚ್ಛೆಯಿಂದ ಆ ಕಡೆ ಸರಿಯುವುದಿಲ್ಲ. ಕರೆಯುವ ಹಸುವಿನ ಮುಂದಿನ ಹಿಂಡಿಯನ್ನು ಎತ್ತಿ ಕರುವಿನ ಮುಂದಿಡಲು ಕೊಟ್ಟಿಗೆಯಲ್ಲಿ ಯಾರಾದರೂ ಒಬ್ಬರು ಕೆಟ್ಟವರಾಗಬೇಕು.

ಇಂಟೆಲ್ ಕಂಪನಿಯ ಎರಡು ಘಟನೆಗಳನ್ನು ಅಕ್ಕಪಕ್ಕ ಇಟ್ಟರೆ ಈ ವ್ಯತ್ಯಾಸ ಚೆನ್ನಾಗಿ ಕಾಣುತ್ತದೆ. 1968ರಲ್ಲಿ ಹುಟ್ಟಿದ ಇಂಟೆಲ್‌ಗೆ ಮೊದಲ ಅನ್ನ ಕೊಟ್ಟದ್ದು ಮೆಮೊರಿ ಚಿಪ್. 1980ರ ದಶಕದಲ್ಲಿ ಜಪಾನಿನ ಕಂಪನಿಗಳು ಅದನ್ನೇ ಅಗ್ಗವಾಗಿ, ಹೆಚ್ಚು ಗುಣಮಟ್ಟದಲ್ಲಿ ಮಾಡತೊಡಗಿದವು. 1985ರಲ್ಲಿ ಕಂಪನಿಯ ಚುಕ್ಕಾಣಿ ಹಿಡಿದಿದ್ದ ಆ್ಯಂಡಿ ಗ್ರೋವ್ ಮತ್ತು ಗಾರ್ಡನ್ ಮೂರ್ ಕೂತು ಮಾತಾಡಿದ ಪ್ರಸಂಗ ಉದ್ಯಮ ವಲಯದಲ್ಲಿ ಪುರಾಣದಷ್ಟೇ ಪ್ರಸಿದ್ಧ. ನಮ್ಮನ್ನು ತೆಗೆದುಹಾಕಿ ಹೊಸಬರನ್ನು ತಂದರೆ ಅವರು ಏನು ಮಾಡುತ್ತಾರೆ ಎಂದು ಗ್ರೋವ್ ಕೇಳಿದರು. ಮೆಮೊರಿ ಬಿಡುತ್ತಾರೆ ಎಂದು ಮೂರ್ ಹೇಳಿದರು. ಹಾಗಾದರೆ ಅದನ್ನು ನಾವೇ ಮಾಡೋಣ ಎಂದು ತೀರ್ಮಾನವಾಯಿತು. ಇದಕ್ಕಿಂತ ಕುತೂಹಲಕರ ಸಂಗತಿಯೊಂದನ್ನು ಸ್ಟ್ಯಾನ್‌ಫರ್ಡ್‌ನ ರಾಬರ್ಟ್ ಬರ್ಗಲ್‌ಮನ್ ಆಮೇಲೆ ತಮ್ಮ ಅಧ್ಯಯನದಲ್ಲಿ ತೋರಿಸಿದರು. ಇಬ್ಬರು ದೊಡ್ಡವರು ಈ ನಿರ್ಧಾರಕ್ಕೆ ಬರುವ ಹೊತ್ತಿಗೆ ಕಾರ್ಖಾನೆಗಳು ಬಹುಪಾಲು ಮೈಕ್ರೊಪ್ರೊಸೆಸರ್ ಕಡೆ ಹೊರಳಿ ಆಗಿತ್ತು. ಯಾವ ಚಿಪ್‌ನಲ್ಲಿ ಹೆಚ್ಚು ಲಾಭವೋ ಅದಕ್ಕೆ ಮೊದಲು ಯಂತ್ರದ ಸರದಿ ಎಂಬ ನಿಯಮ ಅಲ್ಲಿತ್ತು. ಮಧ್ಯಮ ಹಂತದ ಮ್ಯಾನೇಜರುಗಳು ಅದನ್ನು ಪಾಲಿಸಿದರು, ಅಷ್ಟೆ. ಸಂಶೋಧನೆಯ ಹಣ ಮಾತ್ರ ಇನ್ನೂ ದಂಡಿಯಾಗಿ ಮೆಮೊರಿಗೇ ಹರಿಯುತ್ತಿತ್ತು. ಬಾಗಿಲು ಮುಚ್ಚಿಕೊಂಡು ಕೂತಿದ್ದ ದೊಡ್ಡವರಿಗೆ ಕೆಳಗಿನವರು ಯಾವಾಗಲೋ ಕಂಪನಿಯನ್ನು ಬದಲಿಸಿಬಿಟ್ಟಿದ್ದಾರೆ ಎಂಬುದು ತಡವಾಗಿ ಅರ್ಥವಾಯಿತು.

ಆದರೆ ಅದೇ ಇಂಟೆಲ್ ಇಪ್ಪತ್ತು ವರ್ಷದ ಬಳಿಕ ಮೊಬೈಲ್ ಚಿಪ್ಪನ್ನು ಕೈಯಾರೆ ಬಿಟ್ಟುಕೊಟ್ಟಿತು. ಐಫೋನ್‌ಗೆ ಚಿಪ್ ಮಾಡಿಕೊಡುವ ಅವಕಾಶ ಬಂದಾಗ ಆಗಿನ ಸಿಇಒ ಪಾಲ್ ಒಟೆಲಿನಿ ಒಪ್ಪಲಿಲ್ಲ. ಆಪಲ್ ಕೊಡಲು ಸಿದ್ಧವಿದ್ದ ಬೆಲೆ ತಮ್ಮವರು ಅಂದಾಜಿಸಿದ ತಯಾರಿಕೆಯ ಖರ್ಚಿಗಿಂತ ಕಡಿಮೆಯಿತ್ತು, ಆ ಅಂದಾಜೇ ತಪ್ಪಾಗಿತ್ತು ಎಂದು 2013ರಲ್ಲಿ ಹುದ್ದೆ ಬಿಡುವ ಹೊತ್ತಿನಲ್ಲಿ ಅವರೇ ಹೇಳಿಕೊಂಡರು. ಮೊಬೈಲ್ ಸಾಧನಗಳಿಗೆ ಚಿಪ್ ಮಾಡುತ್ತಿದ್ದ ತನ್ನದೇ ಘಟಕವನ್ನು ಕಂಪನಿ 2006ರಲ್ಲಿ ಮಾರ್ವೆಲ್‌ಗೆ 60 ಕೋಟಿ ಡಾಲರಿಗೆ ಮಾರಿತ್ತು. ಗಮನಿಸಬೇಕಾದ್ದು ಇಷ್ಟು: 1985ರಲ್ಲಿ ಕಂಪನಿಯನ್ನು ಉಳಿಸಿದ ‘ಲಾಭ ಎಲ್ಲಿ ಹೆಚ್ಚೋ ಅಲ್ಲಿಗೆ ಹೋಗು’ ಎಂಬ ಬುದ್ಧಿಯೇ ಈಗ ಅದನ್ನು ಕಟ್ಟಿಹಾಕಿತು. ಮೊದಲ ಸಲ ಹೊಸದು ಹಳೆಯದಕ್ಕಿಂತ ಹೆಚ್ಚು ಲಾಭದ್ದು, ಎರಡನೆಯ ಸಲ ಕಡಿಮೆ ಲಾಭದ್ದು. ನಿಯಮ ಸಾಕಾಗದ ಆ ಎರಡನೆಯ ಜಾಗಕ್ಕೆಂದೇ ಸಿಇಒ ಎಂಬ ಹುದ್ದೆಗೆ ಅಷ್ಟು ದೊಡ್ಡ ಸಂಬಳ ಇರುವುದು.

ಆ ಜಾಗದಲ್ಲಿ ನಿಂತು ಗೆದ್ದವರೂ ಇದ್ದಾರೆ. ನಮ್ಮಲ್ಲಿ ಡಿಟಿಪಿ ಕೆಲಸ ಮಾಡುವವರಿಗೂ ಮದುವೆ ಆಲ್ಬಮ್ ಕೂರಿಸುವ ಸ್ಟುಡಿಯೊದವರಿಗೂ ಫೋಟೊಶಾಪ್ ಅನ್ನದ ತಂತ್ರಾಂಶ. ಅದನ್ನು ತಯಾರಿಸುವ ಅಡೋಬಿ ಅದನ್ನು ಡಬ್ಬಿಯಲ್ಲಿಟ್ಟು ದುಬಾರಿ ಬೆಲೆಗೆ ಒಂದೇ ಸಲ ಮಾರುತ್ತಿತ್ತು. 2013ರ ಮೇ ತಿಂಗಳಲ್ಲಿ, ಹೈದರಾಬಾದಿನಲ್ಲಿ ಹುಟ್ಟಿ ಬೆಳೆದ ಅದರ ಸಿಇಒ ಶಾಂತನು ನಾರಾಯಣ್ ಅವರ ನಾಯಕತ್ವದಲ್ಲಿ ಕಂಪನಿ ಒಂದು ಘೋಷಣೆ ಮಾಡಿತು: ಇನ್ನು ಮುಂದೆ ಹೊಸ ಆವೃತ್ತಿಗಳನ್ನು ಡಬ್ಬಿಯಲ್ಲಿ ಮಾರುವುದಿಲ್ಲ, ಇಂಟರ್‌ನೆಟ್ ಮೂಲಕ ತಿಂಗಳ ಚಂದಾಕ್ಕೆ ಮಾತ್ರ ಕೊಡುತ್ತೇವೆ. ಬಳಕೆದಾರರು ರೇಗಿದರು, ಸಾವಿರಾರು ಮಂದಿ ವಿರೋಧಿಸಿ ಸಹಿ ಹಾಕಿದರು. ಲೆಕ್ಕದ ಪುಸ್ತಕವೂ ಮುಖ ಸಪ್ಪೆ ಮಾಡಿತು. 2012ರಲ್ಲಿ ಸುಮಾರು 440 ಕೋಟಿ ಡಾಲರ್ ಇದ್ದ ವಾರ್ಷಿಕ ಆದಾಯ ಮರುವರ್ಷ ಸುಮಾರು 405 ಕೋಟಿಗೆ ಇಳಿಯಿತು. ನಿವ್ವಳ ಲಾಭ 83 ಕೋಟಿಯಿಂದ 29 ಕೋಟಿಗೆ ಕುಸಿಯಿತು. ಕೋಡಕ್ ಭಯಪಟ್ಟದ್ದು ಇಂಥದೇ ಕುಸಿತಕ್ಕೆ. ಅಡೋಬಿ ಮಾಡಿದ ಜಾಣತನವೆಂದರೆ, ಇಳಿಕೆ ಆಗುತ್ತದೆ ಎಂಬುದನ್ನು ಷೇರುದಾರರಿಗೆ ಮೊದಲೇ ತಿಳಿಸಿ, ಈ ಎರಡು ಮೂರು ವರ್ಷ ನಮ್ಮ ಆದಾಯ ನೋಡಬೇಡಿ, ಚಂದಾದಾರರು ಎಷ್ಟಾದರು ಎಂದು ಎಣಿಸಿ ಎಂದು ಅಳತೆಗೋಲನ್ನೇ ಬದಲಿಸಿದ್ದು. ಹಳೆಯ ಅಳತೆಗೋಲಿನಲ್ಲಿ ಹೊಸದನ್ನು ಅಳೆದರೆ ಅದು ಯಾವಾಗಲೂ ಸೋತಂತೆಯೇ ಕಾಣುತ್ತದೆ. ಕೋಡಕ್ 2003ರ ಸೆಪ್ಟೆಂಬರಿನಲ್ಲಿ ಲಾಭಾಂಶವನ್ನು ಶೇ 72ರಷ್ಟು ಕಡಿತ ಮಾಡಿ ಆ ಹಣವನ್ನು ಡಿಜಿಟಲ್‌ಗೆ ಹಾಕುತ್ತೇವೆ ಎಂದಾಗ ಹೂಡಿಕೆದಾರರು ತಿರುಗಿಬಿದ್ದರು, ಷೇರು ಒಂದೇ ದಿನ ನೆಲಕಚ್ಚಿತು. ದಶಕಗಟ್ಟಲೆ ಫಿಲ್ಮಿನ ಲಾಭಾಂಶ ಉಣಿಸಿ ಬೆಳೆಸಿದ ಷೇರುದಾರರಿಗೆ ಒಂದು ಬೆಳಿಗ್ಗೆ ಉಪವಾಸ ಹೇಳಿಕೊಟ್ಟರೆ ಇನ್ನೇನಾಗುತ್ತದೆ?

ಇಲ್ಲಿ ಒಂದು ಆಕ್ಷೇಪ ಏಳುತ್ತದೆ, ಅದು ನ್ಯಾಯವಾದದ್ದೇ. ತಡವಾಗಿಯಾದರೂ ಕೋಡಕ್ ಹಣವನ್ನು ಹೊಸದಕ್ಕೆ ಸುರಿಯಿತಲ್ಲ! 2005ರಲ್ಲಿ ಅಮೆರಿಕದಲ್ಲಿ ಅತಿ ಹೆಚ್ಚು ಡಿಜಿಟಲ್ ಕ್ಯಾಮೆರಾ ಮಾರಿದ್ದು ಅದೇ ಕಂಪನಿ. ಆದರೂ ಉಳಿಯಲಿಲ್ಲವೇಕೆ? ಕೋಡಕ್‌ನ ಡಿಜಿಟಲ್ ವಿಭಾಗವನ್ನು ನಡೆಸಿ ಆಮೇಲೆ ಹಾರ್ವರ್ಡ್‌ನಲ್ಲಿ ಪ್ರಾಧ್ಯಾಪಕರಾದ ವಿಲಿ ಶಿಹ್ ಕೊಡುವ ಉತ್ತರ ನನಗೆ ಸರಿ ಕಾಣುತ್ತದೆ. ಬಣ್ಣದ ಫಿಲ್ಮ್ ಎಂದರೆ ಹತ್ತಾರು ಪದರಗಳನ್ನು ಕತ್ತಲಲ್ಲಿ, ಕೂದಲೆಳೆಗಿಂತ ತೆಳುವಾಗಿ ಹಾಸುವ ರಸಾಯನವಿದ್ಯೆ. ಜಗತ್ತಿನಲ್ಲಿ ಅದು ಬಲ್ಲ ಕಂಪನಿಗಳು ಬೆರಳೆಣಿಕೆಯಷ್ಟು. ಡಿಜಿಟಲ್ ಕ್ಯಾಮೆರಾವನ್ನಾದರೆ ಬಿಡಿಭಾಗ ತಂದು ಯಾರು ಬೇಕಾದರೂ ಜೋಡಿಸಬಹುದು. ಅಂದರೆ ಕೋಡಕ್ ಹಣ ಒಯ್ದು ಹಾಕಿದ ಕಡೆ ಅದರ ಹಳೆಯ ಕೌಶಲಕ್ಕೆ ಬೆಲೆಯೇ ಇರಲಿಲ್ಲ. ಹಳೆಯ ಕೌಶಲಕ್ಕೆ ಬೆಲೆ ಇದ್ದ ಕಡೆಗಳನ್ನು ಅದು ಒಂದೊಂದಾಗಿ ಕಳಚಿಕೊಂಡಿತ್ತು. ರಾಸಾಯನಿಕ ವಿಭಾಗವನ್ನು 1994ರಲ್ಲಿ ಬೇರ್ಪಡಿಸಿತು, 510 ಕೋಟಿ ಡಾಲರ್ ಕೊಟ್ಟು 1988ರಲ್ಲಿ ಕೊಂಡಿದ್ದ ಸ್ಟರ್ಲಿಂಗ್ ಔಷಧ ಕಂಪನಿಯನ್ನು ಅದೇ ವರ್ಷ ಮಾರಿತು, ಎಕ್ಸ್‌ರೇ ಮುಂತಾದ ವೈದ್ಯಕೀಯ ಚಿತ್ರಣದ ವಿಭಾಗವನ್ನು 2007ರಲ್ಲಿ ಕೈಬಿಟ್ಟಿತು.

ಇದಕ್ಕೆ ತದ್ವಿರುದ್ಧ ದಾರಿ ಹಿಡಿದದ್ದು ಜಪಾನಿನ ಫ್ಯೂಜಿ. ಶಿಗೆಟಕ ಕೊಮೊರಿ ಅದರ ಅಧ್ಯಕ್ಷರಾದ 2000ನೇ ಇಸವಿಯಲ್ಲೇ ಜಗತ್ತಿನ ಫಿಲ್ಮ್ ಮಾರಾಟ ತುತ್ತತುದಿ ಮುಟ್ಟಿತು. ಆಮೇಲೆ ಅದು ಇಳಿದದ್ದಲ್ಲ, ಬಿದ್ದದ್ದು. ಕಂಪನಿಯ ಲಾಭದ ಮೂರನೇ ಎರಡು ಭಾಗದಷ್ಟು ಛಾಯಾಚಿತ್ರ ಸಾಮಗ್ರಿಯಿಂದಲೇ ಬರುತ್ತಿತ್ತು. ಹತ್ತು ವರ್ಷದಲ್ಲಿ ಆ ಬೇಡಿಕೆ ಹತ್ತನೇ ಒಂದಕ್ಕಿಂತ ಕೆಳಗೆ ಹೋಯಿತು. ಕೊಮೊರಿ ಮೊದಲು ಮಾಡಿಸಿದ ಕೆಲಸ ನೋಡಲು ಸಾಧಾರಣ: ನಮಗೆ ಯಾವ ಯಾವ ವಿದ್ಯೆ ಗೊತ್ತಿದೆ ಎಂದು ಪಟ್ಟಿ ಮಾಡಿಸಿದರು. ಫಿಲ್ಮಿನ ಮುಖ್ಯ ಘಟಕವಾದ ಜೆಲಟಿನ್ ಬರುವುದು ಕೊಲಾಜನ್‌ನಿಂದ, ನಮ್ಮ ಚರ್ಮದಲ್ಲಿರುವುದೂ ಅದೇ. ಚಿತ್ರದ ಬಣ್ಣ ಮಾಸದಂತೆ ತಡೆಯುವ ರಸಾಯನಕ್ಕೂ ಚರ್ಮ ಸುಕ್ಕಾಗದಂತೆ ತಡೆಯುವುದಕ್ಕೂ ನಂಟಿದೆ. ಹೀಗೆ ಅಸ್ಟಾಲಿಫ್ಟ್ ಎಂಬ ಸೌಂದರ್ಯ ಪ್ರಸಾಧನ ಹುಟ್ಟಿತು. ಪತ್ರಿಕೆಗಳಿಗೆ ರುಚಿಸಿದ್ದು ಈ ಕ್ರೀಮಿನ ಕಥೆ. ಹೆಚ್ಚು ತೂಕದ್ದು ಬೇರೆ. ಎಲ್‌ಸಿಡಿ ಟಿವಿಯ ಪರದೆಗೆ ಬೇಕಾದ ಒಂದು ಪಾರದರ್ಶಕ ಹಾಳೆಯನ್ನು ಫ್ಯೂಜಿ ತನ್ನ ಫಿಲ್ಮ್ ಮಾಡುವ ವಿದ್ಯೆಯಿಂದಲೇ ತಯಾರಿಸುತ್ತಿತ್ತು. ಫಿಲ್ಮ್ ಕುಸಿಯುತ್ತಿದ್ದ ಹೊತ್ತಿನಲ್ಲೇ ಅದಕ್ಕಾಗಿ ಜಪಾನಿನ ಕ್ಯುಶು ದ್ವೀಪದಲ್ಲಿ ಭಾರಿ ಹಣ ಹೂಡಿ ಹೊಸ ಕಾರ್ಖಾನೆ ಕಟ್ಟಿತು. 2008ರಲ್ಲಿ ತೊಯಾಮ ಎಂಬ ಔಷಧ ಕಂಪನಿಯನ್ನು ಕೊಂಡಿತು, ವೈದ್ಯಕೀಯ ಚಿತ್ರಣವನ್ನು ಬೆಳೆಸಿತು. 2006ರಲ್ಲಿ ಛಾಯಾಚಿತ್ರ ವಿಭಾಗದಲ್ಲಿ ಸುಮಾರು 5,000 ಹುದ್ದೆಗಳಿಗೆ ಕತ್ತರಿ ಹಾಕಿತು ಎಂಬುದನ್ನೂ ಇದೇ ಉಸಿರಿನಲ್ಲಿ ಹೇಳಬೇಕು. ಫ್ಯೂಜಿಯ ಜಯಗಾಥೆ ಬರೆಯುವವರು ಆ ಸಾಲನ್ನು ಅಡಿಟಿಪ್ಪಣಿಗೆ ತಳ್ಳುವುದುಂಟು.

ಇಷ್ಟೆಲ್ಲ ಹೊರದೇಶದ ಮಾತಾಯಿತು, ಖಾಸಗಿ ಕಂಪನಿಗಳ ಮಾತಾಯಿತು. ಮುಖ್ಯಸ್ಥರ ಕೈಯಲ್ಲಿ ಅಧಿಕಾರವೇ ಇಲ್ಲದ ಕಡೆ ಏನು ಮಾಡುವುದು ಎಂದು ಕೇಳುವವರಿಗೆ ಬೆಂಗಳೂರಿನ ಜಾಲಹಳ್ಳಿಯೇ ಉತ್ತರ. 1961ರಲ್ಲಿ ಜಪಾನಿನ ಸಿಟಿಜನ್ ಸಹಯೋಗದಿಂದ ಅಲ್ಲಿ ವಾಚು ತಯಾರಿಕೆ ಶುರುಮಾಡಿದ ಸರಕಾರಿ ಸ್ವಾಮ್ಯದ ಎಚ್‌ಎಂಟಿ ಎರಡು ದಶಕ ದೇಶದ ಮಣಿಕಟ್ಟನ್ನು ಆಳಿತು. ಬ್ಯಾಟರಿಯಿಂದ ನಡೆಯುವ ಕ್ವಾರ್ಟ್ಜ್ ವಾಚನ್ನೂ ಟೈಟನ್ ಹುಟ್ಟುವ ಮೊದಲೇ ತಂದಿತ್ತು. ಆದರೆ ಅದರ ಯಂತ್ರ, ಕಾರ್ಮಿಕರ ಕೈಚಳಕ, ಹೆಸರು ಎಲ್ಲವೂ ನಿಂತಿದ್ದದ್ದು ಕೀ ಕೊಡುವ ವಾಚಿನ ಮೇಲೆ. 1984ರಲ್ಲಿ ಟಾಟಾ ಸಮೂಹ ಮತ್ತು ತಮಿಳುನಾಡಿನ ಟಿಡ್ಕೊ ಸೇರಿ ಕಟ್ಟಿದ ಟೈಟನ್, ಕ್ಸರ್ಕ್ಸಿಸ್ ದೇಸಾಯಿ ಅವರ ಕೈಕೆಳಗೆ ಕ್ವಾರ್ಟ್ಜ್ ಅನ್ನೇ ನೆಚ್ಚಿ ಹೊಸೂರಿನಲ್ಲಿ ಕಾರ್ಖಾನೆ ತೆರೆಯಿತು, ಎಚ್‌ಎಂಟಿಯಲ್ಲಿ ಪಳಗಿದ ಹಲವರನ್ನು ಸೇರಿಸಿಕೊಂಡಿತು. 2016ರಲ್ಲಿ ಎಚ್‌ಎಂಟಿ ವಾಚಸ್ ಮುಚ್ಚಲು ಕೇಂದ್ರ ಸಂಪುಟ ಒಪ್ಪಿಗೆ ಕೊಟ್ಟಿತು. ಇದರಲ್ಲಿ ದೇಸಾಯಿಯವರನ್ನು ಹೊಗಳಿ ಎಚ್‌ಎಂಟಿ ಮುಖ್ಯಸ್ಥರನ್ನು ತೆಗಳುವುದು ಸುಲಭ, ನ್ಯಾಯವಲ್ಲ. ಟೈಟನ್‌ಗೆ ಬಿಡಬೇಕಾದ ಹಳೆಯದೇ ಇರಲಿಲ್ಲ. ಎಚ್‌ಎಂಟಿಯಲ್ಲಿ ದೊಡ್ಡ ಹೂಡಿಕೆಗೂ ಸ್ವಯಂನಿವೃತ್ತಿ ಯೋಜನೆಗೂ ದೆಹಲಿಯ ಸಚಿವಾಲಯದ ಕಡೆ ನೋಡಬೇಕಿತ್ತು. ಆದರೆ ಈ ಆಕ್ಷೇಪ ನನ್ನ ವಾದವನ್ನು ಬಲಪಡಿಸುತ್ತದೆಯೇ ಹೊರತು ಕೆಡವುವುದಿಲ್ಲ: ಹಣವನ್ನೂ ಜನರನ್ನೂ ಸರಿಸುವ ಅಧಿಕಾರ ಎಲ್ಲಿದೆಯೋ ನಾಯಕತ್ವ ಅಲ್ಲಿದೆ, ಬಾಗಿಲ ಮೇಲಿನ ಫಲಕದಲ್ಲಿ ಯಾರ ಹೆಸರಿದ್ದರೂ ಸರಿ. ಎಚ್‌ಎಂಟಿಯ ವಿಷಯದಲ್ಲಿ ಆ ಹೊಣೆಯ ದೊಡ್ಡ ಪಾಲು ಸರಕಾರದ್ದು.

ಇನ್ನೊಂದು ಆಕ್ಷೇಪ ಇದಕ್ಕಿಂತ ಗಟ್ಟಿ. ಗೆದ್ದವರನ್ನು ಆರಿಸಿ ಧೈರ್ಯವಂತರೆನ್ನುತ್ತೀರಿ. ಅಷ್ಟೇ ಧೈರ್ಯದಿಂದ ಸೋತವರೆಷ್ಟು ಜನ? ಇದ್ದಾರೆ. ಅಮೆರಿಕದ ಜನರಲ್ ಎಲೆಕ್ಟ್ರಿಕ್‌ನ ಜೆಫ್ ಇಮ್ಮೆಲ್ಟ್, ವಿಮಾನದ ಎಂಜಿನ್, ಟರ್ಬೈನ್ ಮಾರುವ ಕಂಪನಿಯನ್ನು ಜಗತ್ತಿನ ಹತ್ತು ದೊಡ್ಡ ಸಾಫ್ಟ್‌ವೇರ್ ಕಂಪನಿಗಳ ಸಾಲಿಗೆ ಸೇರಿಸುತ್ತೇನೆಂದು ಪ್ರೆಡಿಕ್ಸ್ ಎಂಬ ಯೋಜನೆಗೆ ಕೋಟಿ ಕೋಟಿ ಡಾಲರ್ ಸುರಿದರು. 2017ರಲ್ಲಿ ಅವರು ಹುದ್ದೆ ಬಿಟ್ಟ ಬಳಿಕ ಆ ಕನಸು ತುಂಡುತುಂಡಾಯಿತು. ಹಣ ಸರಿಸಿದ ಮಾತ್ರಕ್ಕೆ ಗೆಲುವಿಲ್ಲ ಎಂಬುದಕ್ಕೆ ಇದು ಸಾಕ್ಷಿ, ಒಪ್ಪಿಕೊಳ್ಳಲೇಬೇಕು. ಫ್ಯೂಜಿಯ ಹಾದಿಯಲ್ಲೂ ಅದೃಷ್ಟದ ಪಾಲಿದೆ, ಟಿವಿ ಪರದೆಗಳ ಭರಾಟೆ ಅದೇ ಹೊತ್ತಿಗೆ ಬಂದದ್ದು ಕೊಮೊರಿಯವರ ಪುಣ್ಯ. ಆದರೂ ಒಂದು ವ್ಯತ್ಯಾಸ ಉಳಿಯುತ್ತದೆ. ಫ್ಯೂಜಿ ತನ್ನ ಕೈಗೆ ಈಗಾಗಲೇ ಬಂದಿದ್ದ ವಿದ್ಯೆಗೆ ಹೊಸ ಗಿರಾಕಿ ಹುಡುಕಿತು. ಜನರಲ್ ಎಲೆಕ್ಟ್ರಿಕ್ ತನಗೆ ಇನ್ನೂ ಬಾರದ ವಿದ್ಯೆಯನ್ನು ಹಳೆಯ ಗಿರಾಕಿಗೆ ಮಾರಲು ಹೊರಟಿತು. ಎರಡನೆಯದು ಅಸಾಧ್ಯವೆಂದಲ್ಲ, ಜೂಜಿನ ಪಾಲು ಅದರಲ್ಲಿ ಹೆಚ್ಚು.

ಈ ಲೆಕ್ಕ ಇವತ್ತು ಬೆಂಗಳೂರಿಗೆ ಹತ್ತಿರದ್ದು. ನಮ್ಮ ಐಟಿ ಸೇವಾ ಕಂಪನಿಗಳು ದಶಕಗಳಿಂದ ಬಹುಮಟ್ಟಿಗೆ ತಲೆ ಎಣಿಸಿ, ಗಂಟೆ ಎಣಿಸಿ ಬಿಲ್ ಮಾಡಿದವು. ಕೃತಕ ಬುದ್ಧಿಮತ್ತೆ (ಎಐ) ಮೊದಲು ಕಡಿಮೆ ಮಾಡುವುದು ಆ ಗಂಟೆಗಳನ್ನೇ. ಹತ್ತು ಮಂದಿಯ ಕೆಲಸವನ್ನು ಆರು ಮಂದಿ ಮುಗಿಸಿದರೆ ಗಿರಾಕಿ ಆರು ಮಂದಿಯ ದುಡ್ಡನ್ನಷ್ಟೇ ಕೊಡಲು ಬರುತ್ತಾನೆ. ಹೊಸದು ಹಳೆಯದಕ್ಕಿಂತ ಕಡಿಮೆ ಗಳಿಸುವ ಸ್ಥಿತಿ ಎಂದರೆ ಇದೇ. ಇಲ್ಲೂ ಕಾಣಲಿಲ್ಲ ಎನ್ನುವಂತಿಲ್ಲ. 2015ರ ಡಿಸೆಂಬರಿನಲ್ಲಿ ಓಪನ್‌ಎಐ ಹುಟ್ಟಿದಾಗ ಅದಕ್ಕೆ ದೇಣಿಗೆ ಘೋಷಿಸಿದವರ ಪಟ್ಟಿಯಲ್ಲಿ ಇನ್ಫೊಸಿಸ್ ಹೆಸರಿತ್ತು. ಅದು ಹೂಡಿಕೆಯಲ್ಲ, ಲಾಭರಹಿತ ಸಂಸ್ಥೆಗೆ ಕೊಟ್ಟ ದೇಣಿಗೆ. ಹಾಗಾಗಿ ಕೈತಪ್ಪಿದ ಸಂಪತ್ತಿನ ಲೆಕ್ಕ ಹಾಕುವುದು ದಂಡ. ಇನ್ಫೊಸಿಸ್‌ನ ಆಗಿನ ಸಿಇಒ ವಿಶಾಲ್ ಸಿಕ್ಕಾ ಸ್ವಯಂಚಾಲನೆಯ ಮಾತನ್ನು ಹೋದಲ್ಲೆಲ್ಲ ಆಡುತ್ತಿದ್ದರು; ಮೂರೇ ವರ್ಷಕ್ಕೆ, 2017ರ ಆಗಸ್ಟಿನಲ್ಲಿ, ಆಡಳಿತ ಮಂಡಳಿ ಮತ್ತು ಸ್ಥಾಪಕರ ನಡುವಿನ ಬಹಿರಂಗ ಜಟಾಪಟಿಯ ನಡುವೆ ಹೊರನಡೆದರು. 2025ರ ಜುಲೈನಲ್ಲಿ ಟಿಸಿಎಸ್ ಸುಮಾರು 12,000 ಮಂದಿಯನ್ನು, ಅಂದರೆ ತನ್ನ ಸಿಬ್ಬಂದಿಯ ಶೇ 2ರಷ್ಟನ್ನು, ಕಡಿಮೆ ಮಾಡುವುದಾಗಿ ಹೇಳಿತು. ಇದಕ್ಕೆ ಎಐ ಕಾರಣವಲ್ಲ, ಕೌಶಲ ಹೊಂದಿಕೆಯಾಗದಿರುವುದು ಕಾರಣ ಎಂದು ಅದರ ಸಿಇಒ ವಿವರಣೆ ಕೊಟ್ಟರು. ಕೆಲಸ ಕಳೆದುಕೊಂಡವರಿಗೆ ಈ ಸೂಕ್ಷ್ಮ ಭೇದದಿಂದ ಆಗುವ ಉಪಯೋಗ ಅಷ್ಟರಲ್ಲೇ ಇದೆ.

ಹೀಗಾಗಿ ಈ ಕಂಪನಿಗಳ ಮುಖ್ಯಸ್ಥರು ವೇದಿಕೆಯ ಮೇಲೆ ಎಐ ಎಂಬ ಮಾತನ್ನು ಎಷ್ಟು ಸಲ ಆಡಿದರು ಎಂದು ಲೆಕ್ಕವಿಡುವುದರಿಂದ ಏನೂ ತಿಳಿಯುವುದಿಲ್ಲ. ತಿಳಿಯಬೇಕಾದ್ದು ಬೇರೆ. ಹೊಸ ಒಪ್ಪಂದಗಳಲ್ಲಿ ಗಂಟೆಯ ಬದಲು ಫಲಿತಾಂಶಕ್ಕೆ ಬೆಲೆ ಕಟ್ಟಿದ್ದು ಎಷ್ಟು? ಒಳ್ಳೆಯ ಎಂಜಿನಿಯರುಗಳನ್ನು ಹಳೆಯ ದೊಡ್ಡ ಗಿರಾಕಿಯ ಪ್ರಾಜೆಕ್ಟಿನಿಂದ ಬಿಡಿಸಿ ತಂದರೋ, ಇಲ್ಲ ಅಲ್ಲಿ ಬೇಡವಾದವರನ್ನು ಹೊಸ ವಿಭಾಗಕ್ಕೆ ಕಳಿಸಿದರೋ? ಲಾಭದ ಪ್ರಮಾಣ ಎರಡು ವರ್ಷ ಇಳಿಯಬಹುದು ಎಂದು ಷೇರುದಾರರಿಗೆ ಈಗಲೇ ಬಾಯಿಬಿಟ್ಟು ಹೇಳಿದ್ದಾರೆಯೇ? ಮುಖ್ಯಸ್ಥರ ಬೋನಸ್ ಇನ್ನೂ ಈ ವರ್ಷದ ಲಾಭಕ್ಕೇ ಗಂಟುಬಿದ್ದಿದೆಯೇ? ಈ ಕೊನೆಯ ಪ್ರಶ್ನೆಗೆ ಉತ್ತರಿಸಬೇಕಾದವರು ಸಿಇಒ ಅಲ್ಲ, ಅವರನ್ನು ನೇಮಿಸುವ ಆಡಳಿತ ಮಂಡಳಿಯವರು. ಹಣ ಮತ್ತು ಜನರನ್ನು ಸರಿಸಿದ್ದರ ಫಲ ಕಾಣಲು ಫ್ಯೂಜಿಗೆ ಹತ್ತು ವರ್ಷಕ್ಕೂ ಹೆಚ್ಚು ಹಿಡಿಯಿತು. ಕೊಮೊರಿ 2021ರವರೆಗೆ ಅದರ ಚುಕ್ಕಾಣಿಯ ಹತ್ತಿರವೇ ಇದ್ದರು. ಮೂರು ವರ್ಷಕ್ಕೆ ನೇಮಿಸಿ, ಮೂರು ತಿಂಗಳಿಗೊಮ್ಮೆ ಲೆಕ್ಕ ಕೇಳಿ, ಹತ್ತು ವರ್ಷದ ಕೆಲಸವನ್ನು ನಿರೀಕ್ಷಿಸುವ ಮಂಡಳಿಗೆ ಸಿಗುವುದು ಚೆಂದದ ಭಾಷಣ ಮಾಡುವ ಮುಖ್ಯಸ್ಥರೇ.